ಐಸಿಯು ತೀರ್ಮಾನ ಮಗಳ ಕೈಗೆ ಕೊಡೋಕೆ ಜಿಪಿಎ ಸಾಕಾ?

ಬಸವನಗುಡಿ ಹಿರಿಯ: ಮಗಳ ಹೆಸರಿಗೆ ಜಿಪಿಎ, ಅಂದರೆ ನನ್ನ ಪರವಾಗಿ ವ್ಯವಹಾರ ನಡೆಸೋ ಅಧಿಕಾರ ಪತ್ರ, ರಿಜಿಸ್ಟರ್ ಮಾಡಿಸಿದರೆ ಮುಗೀತು. ವೆಂಟಿಲೇಟರ್ ಹಾಕೋದು, ತೆಗೆಯೋದು ಎಲ್ಲ ಅವಳೇ ನೋಡ್ಕೋತಾಳೆ. ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮೊದಲೇ ಬರೆದಿಡೋ ಲಿವಿಂಗ್ ವಿಲ್ ಅಂತ ಇನ್ನೊಂದು ಕಾಗದ ಯಾಕೆ?

ಕೋರ್ಟ್ ಕಟ್ಟೆ: ಮುಗಿಯೋದು ನಿಮ್ಮ ಜಿಪಿಎ ಸಾರ್. 1872ರ ಕರಾರು ಕಾಯ್ದೆ, ಸೆಕ್ಷನ್ 201: ಬರೆದುಕೊಟ್ಟವರ ಚಿತ್ತ ಸ್ವಾಧೀನ ತಪ್ಪಿದರೆ ಅಧಿಕಾರ ರದ್ದು. ಮಗಳಿಗೆ ಅದು ಬೇಕಾಗೋದೇ ಆ ಹೊತ್ತಿಗೆ! ಮುಂಗಡ ವೈದ್ಯಕೀಯ ನಿರ್ದೇಶನ, ಅದೇ ನೀವಂದ ಲಿವಿಂಗ್ ವಿಲ್, ಬರೀರಿ. 2018ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಮ್ಯಾಜಿಸ್ಟ್ರೇಟ್ ಸಹಿ ಕೇಳಿತ್ತು. 2023ರಿಂದ ಇಬ್ಬರು ಸಾಕ್ಷಿ, ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು.

ಬಸವನಗುಡಿ ಹಿರಿಯ: ಚಿತ್ತ ಸ್ವಾಧೀನ ತಪ್ಪೋದು ಅಂದರೆ ಹುಚ್ಚು. ಕೋಮಾದಲ್ಲಿರೋನು ಹುಚ್ಚನಾ?

ಕೋರ್ಟ್ ಕಟ್ಟೆ: ಅದೇ ಕಾಯ್ದೆಯ ಸೆಕ್ಷನ್ 12ರ ಉದಾಹರಣೆ ಓದಿ. ಜ್ವರದ ಸನ್ನಿಯಲ್ಲಿ ಬಡಬಡಿಸೋನೂ ಆ ಹೊತ್ತಿಗೆ ಕರಾರು ಮಾಡೋ ಹಾಗಿಲ್ಲ. ಕೋಮಾ ಬೇರೆ ಕೇಳಬೇಕಾ?

ಸರಳ ಮಾತು: ನೋಟರಿನೂ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆ ಸೆಕ್ಷನ್ 14ರಲ್ಲಿ ಬಿಳಿ ಹಾಳೆ ಮೇಲೆ ಸಹಿ ಹಾಕಿ ಪ್ರತಿನಿಧಿ ನೇಮಿಸಬಹುದು.

ವಾರ್ಡ್ ರೌಂಡ್ಸ್: ಅದು ಮಾನಸಿಕ ಕಾಯಿಲೆ ಚಿಕಿತ್ಸೆಗೆ. ಇಲ್ಲಿಗೆ ತಂದು ಅಂಟಿಸಬೇಡಿ. ಇನ್ನು "ಅವಳೇ ನೋಡ್ಕೋತಾಳೆ" ಅನ್ನೋದೂ ತಪ್ಪು. ಚಿಕಿತ್ಸೆ ನಿಲ್ಲಿಸೋಕೆ ಮೊದಲು ಚಿಕಿತ್ಸೆ ಕೊಡೋ ವೈದ್ಯರ ಜೊತೆ ಐದು ವರ್ಷ ಅನುಭವವಿರೋ ಇಬ್ಬರು ತಜ್ಞರ ಮಂಡಳಿ ಒಪ್ಪಬೇಕು. ಆಮೇಲೆ ಎರಡನೇ ಮಂಡಳಿ. ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದ ಒಬ್ಬ ವೈದ್ಯ ಇರಬೇಕು. ಎರಡಕ್ಕೂ ಸಾಧ್ಯವಾದಷ್ಟು 48 ಗಂಟೆ ಒಳಗೆ ಅಭಿಪ್ರಾಯ ಕೊಡಿ ಅಂತಿದೆ. ಕೊನೆಗೆ ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಕರ್ನಾಟಕದಲ್ಲಿ ಇದನ್ನು ಜಾರಿ ಮಾಡೋಕೆ 2025ರ ಜನವರಿಯಲ್ಲಿ ಆರೋಗ್ಯ ಇಲಾಖೆ ಆದೇಶವೂ ಬಂದಿದೆ.

ಬಸವನಗುಡಿ ಹಿರಿಯ: ನೋಡಿ, ಮ್ಯಾಜಿಸ್ಟ್ರೇಟ್ ಮತ್ತೆ ಬಂದರು! ಬೇಡ ಅಂದಿದ್ದು ಯಾರು?

ಕೋರ್ಟ್ ಕಟ್ಟೆ: ಸಹಿ ಬೇಡ ಅಂದೆ. ತಿಳಿಸೋದೇ ಬೇರೆ.

ಬಸವನಗುಡಿ ಹಿರಿಯ: ಜಾರಿಕೊಂಡಿರಿ. ಜಿಪಿಎ ರದ್ದಾಗಿದೆ ಅಂತ ಆಸ್ಪತ್ರೆ ಕೌಂಟರಲ್ಲಿ ಯಾರೂ ಕೇಳಲ್ಲ.

ಕೋರ್ಟ್ ಕಟ್ಟೆ: ಕೌಂಟರಲ್ಲಿ ಕೇಳಲ್ಲ. ಅಮೆರಿಕದಿಂದ ಬಂದಿಳಿದ ಮಗ ಕೇಳ್ತಾನೆ. ಬ್ಯಾಂಕ್ ಖಾತೆಗೂ ಇದೇ ಪಾಡು. ಕೋಮಾದಲ್ಲಿರೋರಿಗೆ ಪಾಲಕರನ್ನು ನೇಮಿಸಿ ಅಂತ ಜನ ಹೈಕೋರ್ಟಿಗೆ ಸಂವಿಧಾನದ 226ನೇ ವಿಧಿಯಡಿ ಹೋಗ್ತಿರೋದು ಯಾಕೆ ಅಂದ್ಕೊಂಡಿದೀರಿ?

ವಾರ್ಡ್ ರೌಂಡ್ಸ್: ಮಗ ಅಂದಿರಿ ಅಂತ ಹೇಳ್ತೀನಿ. ನಿಮ್ಮ ಪರವಾಗಿ ತೀರ್ಮಾನ ಹೇಳೋರು ಅಂತ ನಿರ್ದೇಶನದಲ್ಲಿ ಒಬ್ಬರಿಗಿಂತ ಹೆಚ್ಚು ಹೆಸರು ಇರಲಿ, ಸುಪ್ರೀಂ ಕೋರ್ಟ್ ತೀರ್ಪಲ್ಲೂ ಅದಕ್ಕೆ ಅವಕಾಶ ಇದೆ. ಸಾಕ್ಷಿಗಳು ಆದಷ್ಟೂ ಹೊರಗಿನವರಾಗಿರಲಿ. ಒಂದೊಂದು ಪ್ರತಿ ಮಗಳಿಗೆ, ಮನೆ ಡಾಕ್ಟರಿಗೆ, ಪಾಲಿಕೆ ಅಥವಾ ಪಂಚಾಯಿತಿ ಅಧಿಕಾರಿಗೆ ಕೊಡಿ. ಬೀರುವಿನಲ್ಲಿಟ್ಟು ಬೀಗ ಹಾಕಿದರೆ ರಾತ್ರಿ ಎರಡಕ್ಕೆ ಟ್ಯೂಬ್ ಹಾಕೋ ಡಾಕ್ಟರಿಗೆ ಏನು ಗೊತ್ತಾಗುತ್ತೆ?

ಬಸವನಗುಡಿ ಹಿರಿಯ: ಜಿಪಿಎ ಆಗಿದ್ದರೆ ಸಬ್‌ರಿಜಿಸ್ಟ್ರಾರ್ ಆಫೀಸಲ್ಲೇ ದಾಖಲೆ ಇರ್ತಿತ್ತು.