ಅಪ್‌ಡೇಟ್: ‘ಬ್ರೊನಿಸ್ವಾವಾ’ ಹೆಸರಿನ ಬಗ್ಗೆ

ಈ ಪೋಲಿಷ್ ಹೆಸರಿನ ಅರ್ಥ, ಉಚ್ಚಾರ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ತಿಳಿದದ್ದು ಇಷ್ಟು.

‘ಬ್ರೊನಿ’ ಅಂದರೆ ಕಾಪಾಡು, ‘ಸ್ವಾವಾ’ ಅಂದರೆ ಕೀರ್ತಿ. ಸಂಸ್ಕೃತದ ‘ಶ್ರವಸ್’ ಕೂಡ ಇದೇ ಮೂಲದ್ದು, ಎಷ್ಟು ಚೆಂದ! ಗಂಡುಮಕ್ಕಳಿಗೆ ಬ್ರೊನಿಸ್ವಾಫ್.

ಪೋಲಿಷ್‌ನಲ್ಲಿ ಬರೆಯುವುದು Bronisława ಎಂದು. ತೊಡಕು ಇರುವುದು ಅದರ ಅಡ್ಡಗೀರಿನ ಎಲ್ (ł) ಅಕ್ಷರದಲ್ಲಿ. ಅದನ್ನು ತುಟಿ ದುಂಡಗೆ ಮಾಡಿ ‘ವ’ ಎನ್ನಬೇಕು. ಕೊನೆಯ ‘ವಾ’ಕ್ಕೆ ಮಾತ್ರ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಒತ್ತು ‘ಸ್ವಾ’ ಮೇಲೆ. ಗೀರು ಬಿಟ್ಟು ಬರೆದರೆ ಓದುವವರು ‘ಬ್ರೊನಿಸ್ಲಾವಾ’ ಅಂದುಬಿಡುತ್ತಾರೆ. ಪಾಸ್‌ಪೋರ್ಟಿನ ಕೆಳಗಿನ ಯಂತ್ರ ಓದುವ ಸಾಲಿನಲ್ಲಿ ಗೀರು ಹೇಗೂ ಇರುವುದಿಲ್ಲ, ಬರೀ ಎಲ್; ಅದು ತಪ್ಪಲ್ಲ.

ಮುದ್ದಿನ ರೂಪ ಬ್ರೊನ್ಯಾ. ಮೇರಿ ಕ್ಯೂರಿಯ ತಾಯಿಯ ಹೆಸರೂ ಬ್ರೊನಿಸ್ವಾವಾ, ವೈದ್ಯೆಯಾದ ಅಕ್ಕನದೂ ಅದೇ. ಅಕ್ಕ ಪ್ಯಾರಿಸ್‌ನಲ್ಲಿ ಓದುವಾಗ ತಂಗಿ ಮನೆಪಾಠ ಹೇಳಿ ದುಡ್ಡು ಕಳಿಸುತ್ತಿದ್ದಳು.