ಎಲ್ಲರಿಗೂ ಸಿಗುವ ತಂತ್ರಜ್ಞಾನ ಕೊಂಡು ಬೋಳುಕಾಳು ಉದ್ಯಮ ಮಾಡಬಹುದಾ?

ಪ್ರಶ್ನೆ (ಮೂಡಿಗೆರೆ): ನಮಸ್ಕಾರ ಮೇಡಂ. ನಮ್ಮ ಕಾಫಿ ತೋಟದಲ್ಲಿ ಮೆಣಸು ಚೆನ್ನಾಗಿ ಬರುತ್ತದೆ. ಬೋಳುಕಾಳು, ಅಂದರೆ ಹಣ್ಣುಮೆಣಸಿನ ಸಿಪ್ಪೆ ತೆಗೆದ ಬಿಳಿ ಮೆಣಸು, ಮಾಡುವ ಯೂನಿಟ್ ಹಾಕುವ ಆಸೆ. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಇಂದ ತಂತ್ರಜ್ಞಾನ ಕೊಳ್ಳಬಹುದು ಅಂದರು. ಅದನ್ನೇ ಸಕಲೇಶಪುರದವರಿಗೂ ಕೊಟ್ಟರೆ ನನಗೇನು ಸಿಕ್ಕ ಹಾಗಾಯಿತು?

ಉತ್ತರ (ಲೈಸೆನ್ಸ್ ಸಲಹೆಗಾರ್ತಿ, ಹಾಸನ): ಕೊಟ್ಟೇ ಕೊಡುತ್ತಾರೆ ಸರ್. ಸರ್ಕಾರಿ ಸಂಶೋಧನಾ ಸಂಸ್ಥೆಗಳ ಲೈಸೆನ್ಸ್ ಸಾಮಾನ್ಯವಾಗಿ ಒಬ್ಬರಿಗೇ ಮೀಸಲಲ್ಲ. ಇದು ನಮ್ಮಂಥ ಊರುಗಳಿಗೆ ಒಳ್ಳೆಯದೇ. ಒಬ್ಬರಿಗೇ ಕೊಡುವುದಾಗಿದ್ದರೆ ಜಾಸ್ತಿ ದುಡ್ಡಿರುವ ಕಂಪನಿಯೇ ಎತ್ತಿಕೊಂಡು ಹೋಗುತ್ತಿತ್ತು, ಅಲ್ವಾ?

ಆದರೆ ವಿಧಾನ ಎಲ್ಲರ ಕೈಯಲ್ಲೂ ಇದ್ದಾಗ ಗೆಲ್ಲಿಸುವುದು ಬೇರೆಯದೇ. ಎಮ್ಮೆ ಹಾಲಿನಿಂದ ಮಗುವಿನ ಹಾಲಿನ ಪುಡಿ ಮಾಡುವುದನ್ನು ಕಂಡುಹಿಡಿದದ್ದು ಇದೇ ಸಿಎಫ್‌ಟಿಆರ್‌ಐ. ಅದನ್ನು ಮನೆಮನೆಗೆ ಮುಟ್ಟಿಸಿದ್ದು ಅಮುಲ್. ಹಳ್ಳಿಹಳ್ಳಿಯ ಹಾಲು, ಮಾರುವ ಜಾಲ ಎರಡೂ ಅವರ ಬಳಿ ಇದ್ದವು. ನಿಮ್ಮ ಬಳಿ ಮೆಣಸಿದೆ. ಕೊಳ್ಳುವವರು ಯಾರು?

ಲೆಕ್ಕ ಮೊದಲು ಹಾಕಿ. 100 ಕೆಜಿ ಹಣ್ಣುಮೆಣಸಿಗೆ ಕಪ್ಪು ಮೆಣಸು ಸುಮಾರು 33 ಕೆಜಿ ಬರುತ್ತದೆ, ಬೋಳುಕಾಳು 25 ಕೆಜಿ ಆಸುಪಾಸು. ಕಪ್ಪಿಗೆ ಕೆಜಿಗೆ 600 ರೂಪಾಯಿ ಎಂದುಕೊಂಡರೆ, ಬೋಳುಕಾಳಿಗೆ ಹತ್ತಿರ ಹತ್ತಿರ 800 ಸಿಕ್ಕರೆ ಬರೀ ಸಮ. ಕೂಲಿ, ಕರೆಂಟು, ಸಾಲದ ಬಡ್ಡಿ ಅದರ ಮೇಲೆ. ಈ ಬೆಲೆ ಕೊಡುವ ಮಸಾಲೆ ಕಂಪನಿಯೋ ರಫ್ತುದಾರರೋ ಸಿಗುವ ತನಕ ಲೈಸೆನ್ಸ್ ಶುಲ್ಕ ಕಟ್ಟಬೇಡಿ.

ಪ್ರಶ್ನೆ: ಒಪ್ಪಂದದಲ್ಲಿ ಏನು ನೋಡಬೇಕು ಮೇಡಂ? ಪೇಟೆಂಟ್ ಇದ್ದರೆ ಭದ್ರ ಅಲ್ವಾ?

ಉತ್ತರ: ಪೇಟೆಂಟ್ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಅದು ಮುಗಿದಿದ್ದರೆ ಆ ವಿಧಾನ ಯಾರು ಬೇಕಾದರೂ ಬಳಸಬಹುದು. ಆಗ ನೀವು ದುಡ್ಡು ಕೊಡುವುದು ಕೈಹಿಡಿದು ಕಲಿಸುವುದಕ್ಕೆ ಮಾತ್ರ. ಅದು ಕಡಿಮೆಯದೇನಲ್ಲ, ಆದರೆ ಪೂರ್ತಿ ಸಿಗಬೇಕು. ಎಷ್ಟು ಕೆಜಿಯ ಬ್ಯಾಚ್‌ನಲ್ಲಿ ಪರೀಕ್ಷಿಸಿದ್ದಾರೆ ಕೇಳಿ. ಲ್ಯಾಬಿನಲ್ಲಿ 5 ಕೆಜಿಗೆ ಸರಿಹೋದದ್ದು ಶೆಡ್ಡಿನಲ್ಲಿ 500 ಕೆಜಿಗೆ ಕೈಕೊಡಬಹುದು. ಯಂತ್ರದ ವಿವರ ಕೊಡುತ್ತಾರಾ, ನಿಮ್ಮ ತೋಟದ ಹಣ್ಣಿನಲ್ಲೇ ಮಾಡಿ ತೋರಿಸುತ್ತಾರಾ, ಆಮೇಲೆ ತೊಂದರೆ ಬಂದರೆ ಯಾರನ್ನು ಕೇಳಬೇಕು, ಇವೆಲ್ಲ ಬರವಣಿಗೆಯಲ್ಲಿ ಇರಲಿ.

ನೀರಿನ ವಿಷಯವನ್ನಂತೂ ಬಿಡಬೇಡಿ. ಹಣ್ಣನ್ನು ವಾರಗಟ್ಟಲೆ ನೆನೆಹಾಕುವ ಹಳೆಯ ಪದ್ಧತಿಯಲ್ಲಿ ನೀರು ಕೊಳೆತು ನಾರುತ್ತದೆ. ಅದನ್ನು ಹಳ್ಳಕ್ಕೆ ಬಿಡುವ ಹಾಗಿಲ್ಲ. ಹೊಸ ವಿಧಾನಕ್ಕೆ ಎಷ್ಟು ನೀರು ಬೇಕು ಎಂದು ಕೇಳಿಯೇ ಸಹಿ ಹಾಕಿ.

ಪ್ರತಿಕ್ರಿಯೆ (ಸಕಲೇಶಪುರ): ಮೇಡಂ, ನಾನೂ ಇದನ್ನೇ ಯೋಚಿಸುತ್ತಿದ್ದೆ. ನಾವಿಬ್ಬರೂ ಸೇರಿ ಒಂದೇ ಲೈಸೆನ್ಸ್ ತಗೊಳ್ಳಬಹುದಾ?

ಉತ್ತರ: ಪಾಲುದಾರಿಕೆ ಸಂಸ್ಥೆಯೋ ರೈತ ಉತ್ಪಾದಕ ಕಂಪನಿಯೋ ಮಾಡಿಕೊಂಡು ಅದರ ಹೆಸರಲ್ಲಿ ತಗೊಳ್ಳಿ. ಒಬ್ಬರ ಹೆಸರಲ್ಲಿ ತಗೊಂಡು ಇನ್ನೊಬ್ಬರ ಶೆಡ್ಡಿನಲ್ಲಿ ನಡೆಸಿದರೆ ಒಪ್ಪಂದ ಮುರಿದ ಹಾಗಾಗಬಹುದು.