ಕಲಬುರಗಿ ಮನೆಗೆ ಎಸಿ ಹಾಕಿಸಬೇಕು, ಫಿಟ್ಟಿಂಗ್ ವೇಳೆ ಏನೇನು ನೋಡಬೇಕು?

ಬಿಸಿಲೂರ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿದ್ದೇನೆ, ಅಪ್ಪ ಅಮ್ಮ ಕಲಬುರಗಿಯಲ್ಲಿ. ಇಲ್ಲಿವರೆಗೆ ಕೂಲರ್‌ನಲ್ಲೇ ಬೇಸಿಗೆ ಕಳೆದರು, ಈಗ ಅಪ್ಪನಿಗೆ ವಯಸ್ಸಾಯಿತು, ರಾತ್ರಿಯೆಲ್ಲ ನಿದ್ದೆ ಇಲ್ಲ ಅನ್ನುತ್ತಾರೆ. ಅವರು ಮಲಗುವುದು ಮೇಲಿನ ಮಹಡಿಯ ಕೋಣೆಯಲ್ಲಿ. 12 ಅಡಿಗೆ 13 ಅಡಿ ಇದೆ, ತಲೆ ಮೇಲೆ ನೇರ ಆರ್‌ಸಿಸಿ ಸ್ಲ್ಯಾಬು, ಪಶ್ಚಿಮಕ್ಕೆ ಕಿಟಕಿ. ಸಂಜೆ ಗೋಡೆ ಮುಟ್ಟಿದರೆ ಕೈ ಸುಡುತ್ತದೆ.

ಯಾವ ಕಂಪನಿ ಅಂತ ಕೇಳುತ್ತಿಲ್ಲ, ಆ ಜಗಳ ಇಲ್ಲಿ ಬೇಕಾದಷ್ಟು ಆಗಿದೆ. ಮಷೀನು ಚೆನ್ನಾಗಿದ್ದರೂ ಫಿಟ್ಟಿಂಗ್ ಕೆಟ್ಟರೆ ಎಲ್ಲ ಕೆಟ್ಟಿತು ಅನ್ನುತ್ತಾರಲ್ಲ, ಅದರ ಬಗ್ಗೆ ತಿಳಿದವರು ಹೇಳಿ. ಎಷ್ಟು ಟನ್, ಅಂದರೆ ಎಷ್ಟು ತಂಪು ಮಾಡುವ ಶಕ್ತಿಯದು ಬೇಕು? ಮೆಕ್ಯಾನಿಕ್ ಬಂದಾಗ ಪಕ್ಕದಲ್ಲಿ ನಿಂತು ಏನು ನೋಡಬೇಕು? ಅಂಗಡಿಯವರು ಬಿಸಿ ಗಾಳಿಯನ್ನೂ ಕೊಡುವ ಮಾಡೆಲ್ ತಗೊಳ್ಳಿ, ಚಳಿಗಾಲಕ್ಕೂ ಆಗುತ್ತದೆ ಅಂತ ಹಿಂದೆ ಬಿದ್ದಿದ್ದಾರೆ. ಬೇಕಾ ಅದು?

ಬಳ್ಳಾರಿ ಮನೆಯೊಡತಿ

ಬಿಸಿ ಗಾಳಿ ಮಾಡೆಲ್ ಕಲಬುರಗಿಗೆ ಸುಮ್ನೆ ದುಡ್ಡು ದಂಡ. ಡಿಸೆಂಬರ್ ಬೆಳಗಿನ ಚಳಿಗೆ ಒಂದು ಕೌದಿ ಸಾಕು, ಅಲ್ವಾ? ಆ ಹಣದಲ್ಲಿ ಮಾಳಿಗೆ ಮೇಲೆ ಬಿಳಿ ಕೂಲ್ ರೂಫ್ ಪೇಂಟ್ ಹೊಡೆಸಿ, ಇಲ್ಲವೇ ಸುಣ್ಣವನ್ನಾದರೂ ಬಳಿಸಿ. ಪಶ್ಚಿಮದ ಕಿಟಕಿಗೆ ಹೊರಗಡೆಯಿಂದ ಚಪ್ಪರವೋ ಬಿದಿರಿನ ಪರದೆಯೋ ಕಟ್ಟಿಸಿ. ಒಳಗಿನ ಪರದೆಯಿಂದ ಅಷ್ಟು ಉಪಯೋಗವಿಲ್ಲ, ಬಿಸಿಲು ಅಷ್ಟರಲ್ಲಿ ಒಳಗೆ ಬಂದಾಗಿರುತ್ತದೆ.

ಫಿಟ್ಟಿಂಗ್ ವಿಷಯಕ್ಕೆ ನಮ್ಮ ಮನೆ ಕಥೆ ಕೇಳಿ. ಮೊದಲ ಬೇಸಿಗೆ ಬರ್ಫದ ಹಾಗೆ ತಣ್ಣಗಿತ್ತು. ಎರಡನೇ ಬೇಸಿಗೆಗೆ ಬರೀ ಫ್ಯಾನ್ ಗಾಳಿ. ಬಂದವನು ಗ್ಯಾಸ್ ಖಾಲಿ ಆಗಿದೆ, ಪ್ರತಿ ವರ್ಷ ತುಂಬಿಸಬೇಕಾಗುತ್ತದೆ ಅಂತ ರಾಗ ಎಳೆದ. ನಮ್ಮ ಮೈದುನ ಸೋಪಿನ ನೊರೆ ಹಚ್ಚಿ ನೋಡಿದರೆ ಹೊರಗಿನ ಯೂನಿಟ್‌ನ ನಟ್ ಹತ್ತಿರ ಗುಳ್ಳೆ ಏಳುತ್ತಿತ್ತು! ಎಸಿ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವುದಿಲ್ಲ. ಕಡಿಮೆ ಆಗಿದೆ ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಸೋರಿಕೆ ಹುಡುಕದೆ ಗ್ಯಾಸ್ ತುಂಬಿಸುತ್ತೇನೆ ಅನ್ನುವವನನ್ನು ಬಾಗಿಲಲ್ಲೇ ಕಳಿಸಿಬಿಡಿ.

ರಾಯಚೂರು ಮೆಕ್ಯಾನಿಕ್

ಅಕ್ಕಾರು ಹೇಳಿದ್ದು ಸರಿ. ಇದೇ ಕೆಲಸ ಮಾಡುವವನು ನಾನು, ನಮ್ಮವರು ಎಲ್ಲೆಲ್ಲಿ ಕೈ ಬಿಡುತ್ತಾರೆ ಅಂತ ಗೊತ್ತು, ಅದನ್ನೇ ಹೇಳುತ್ತೇನೆ.

ಎಲ್ಲಕ್ಕಿಂತ ಮುಖ್ಯ ವ್ಯಾಕ್ಯೂಮ್. ಪೈಪು ಜೋಡಿಸಿದ ಮೇಲೆ ಅದರೊಳಗಿನ ಗಾಳಿ, ತೇವ ಎರಡನ್ನೂ ಪಂಪ್ ಹಾಕಿ ಎಳೆದು ತೆಗೆಯಬೇಕು. ಬಹಳ ಜನ ಪಂಪ್ ಹೊತ್ತುಕೊಂಡು ಬರುವುದೇ ಇಲ್ಲ. ಒಂದು ವಾಲ್ವ್ ಸ್ವಲ್ಪ ತೆರೆದು, ಇನ್ನೊಂದು ಕಡೆಯ ನಟ್ ಸಡಿಲಿಸಿ, ಮಷೀನಿನ ಗ್ಯಾಸಿನಿಂದಲೇ ಗಾಳಿಯನ್ನು ಹೊರಗೆ ತಳ್ಳಿ, ಬುಸ್ ಅಂದ ಕೂಡಲೇ ಆಯಿತು ಸರ್ ಅನ್ನುತ್ತಾರೆ. ಗ್ಯಾಸ್ ಕಡಿಮೆ ಆಗುತ್ತದೆ, ತೇವ ಒಳಗೇ ಉಳಿಯುತ್ತದೆ. ಕಂಪ್ರೆಸರ್ ಎಣ್ಣೆ ಆ ತೇವವನ್ನು ಹೀರಿಕೊಂಡು ಹಾಳಾಗುತ್ತದೆ, ಒಂದೆರಡು ವರ್ಷ ಗೊತ್ತೇ ಆಗುವುದಿಲ್ಲ. ಈಗಿನ ಹೆಚ್ಚಿನ ಎಸಿಗಳಲ್ಲಿ ಇರುವುದು ಆರ್ 32 ಗ್ಯಾಸ್, ಅದು ಬೆಂಕಿ ಹಿಡಿಯುವ ಜಾತಿಯದು, ಹಾಗೆ ಹೊರಗೆ ಬಿಡುವುದು ಅಪಾಯ ಕೂಡ. ಆದ್ದರಿಂದ ಫೋನ್‌ನಲ್ಲೇ ಕೇಳಿ, ಪಂಪ್ ತರುತ್ತೀಯೇನಪ್ಪಾ ಅಂತ. ಇಲ್ಲ ಅಂದರೆ ಬೇರೆಯವರನ್ನು ಕರೆಯಿರಿ. ಪಂಪ್ 15-20 ನಿಮಿಷವಾದರೂ ಓಡಬೇಕು. ನಿಲ್ಲಿಸಿದ ಮೇಲೆ ಒತ್ತಡ ತೋರಿಸುವ ಗೇಜ್‌ನ ಮುಳ್ಳು ಇದ್ದಲ್ಲೇ ನಿಲ್ಲಬೇಕು, ಮೇಲಕ್ಕೆ ಬಂದರೆ ಸೋರಿಕೆ ಇದೆ. ಅದನ್ನು ಫೋಟೋ ತೆಗೆಯಲು ಅಪ್ಪನಿಗೆ ಹೇಳಿಡಿ, ಫೋಟೋ ಅಂದ ಕೂಡಲೇ ಅರ್ಧ ಕೆಲಸ ಸರಿಹೋಗುತ್ತದೆ.

ಎರಡನೆಯದು ಫ್ಲೇರ್, ಅಂದರೆ ಕಾಪರ್ ಪೈಪಿನ ಬಾಯಿ ಅಗಲ ಮಾಡುವುದು. ಪೈಪನ್ನು ಕಟ್ಟರ್‌ನಲ್ಲಿ ಕತ್ತರಿಸಬೇಕು, ಹ್ಯಾಕ್ಸಾ ಬ್ಲೇಡಿನಲ್ಲಿ ಅಲ್ಲ. ಕತ್ತರಿಸಿದ ಅಂಚು ಒಳಕ್ಕೆ ಮಡಚಿಕೊಂಡಿರುತ್ತದೆ, ಪೈಪಿನ ಬಾಯಿಯನ್ನು ನೆಲಕ್ಕೆ ಮಾಡಿ ಹಿಡಿದು ಅದನ್ನು ಕೆರೆದು ತೆಗೆಯಬೇಕು, ಇಲ್ಲದಿದ್ದರೆ ತಾಮ್ರದ ಪುಡಿ ಒಳಗೆ ಹೋಗುತ್ತದೆ. ಆಮೇಲೆ ಎರಡು ಸ್ಪ್ಯಾನರ್ ಹಾಕಿ ಬಿಗಿ ಮಾಡಬೇಕು. ಒಂದೇ ಸ್ಪ್ಯಾನರ್‌ನಲ್ಲಿ ತಿರುಗಿಸಿದರೆ ಪೈಪೇ ತಿರುಚಿಕೊಳ್ಳುತ್ತದೆ. ಅಕ್ಕಾರ ಮನೆಯಲ್ಲಿ ಆದದ್ದು ಇದೇ ಇರಬೇಕು.

ನೀರಿನ ಪೈಪು ಉದ್ದಕ್ಕೂ ಇಳಿಜಾರಿರಲಿ, ಅದರ ತುದಿ ಬಕೆಟ್ ನೀರಿನಲ್ಲಿ ಮುಳುಗಿರಬಾರದು. ಕೆಲಸ ಮುಗಿಸುವ ಮುಂಚೆ ಒಳಗಿನ ಯೂನಿಟ್‌ನ ಟ್ರೇಗೆ ಒಂದು ಚೊಂಬು ನೀರು ನಿಧಾನಕ್ಕೆ ಹಾಕಿಸಿ. ಹೊರಗೆ ಹರಿದರೆ ಸರಿ. ಗೋಡೆಗೆ ಇಳಿದರೆ ಅವನು ಇನ್ನೂ ಮನೆಯಲ್ಲೇ ಇದ್ದಾನಲ್ಲ, ಅಲ್ಲೇ ಸರಿಮಾಡಿಸಿ.

ಟನ್ ಕೇಳಿದ್ದಿರಿ. ನಿಮ್ಮ ಕೋಣೆಗೆ ಕೆಳಮಹಡಿಯಾಗಿದ್ದರೆ 1 ಟನ್ ನಡೆಯುತ್ತಿತ್ತು, ಸ್ಲ್ಯಾಬಿನ ಕೆಳಗೆ ಅಂದರೆ 1.5 ಟನ್ ಇನ್ವರ್ಟರ್ ಎಸಿ ಹಾಕಿಸಿ. ಕಂಪನಿಯವರು ಹೇಳುವ ಟನ್ ಹೊರಗೆ 35 ಡಿಗ್ರಿ ಇದ್ದಾಗ ಅಳೆದದ್ದು, ನಮ್ಮ ಕಡೆ ಮೇ ತಿಂಗಳಲ್ಲಿ 42-43 ಆಗುತ್ತದೆ, ಆಗ ಅಷ್ಟು ತಂಪು ಬರುವುದಿಲ್ಲ. ಇನ್ನೊಂದು, ಸ್ಟಾರ್ ಲೇಬಲ್ ಮೇಲೆ ವರ್ಷಕ್ಕೆ ಇಷ್ಟು ಯೂನಿಟ್ ಅಂತ ಇರುತ್ತದಲ್ಲ, ಅದು 1,600 ಗಂಟೆಯ ಲೆಕ್ಕ. ದಿನಕ್ಕೆ ಹತ್ತು ಗಂಟೆ ಓಡಿಸಿದರೆ 160 ದಿನಕ್ಕೆ ಮುಗಿಯಿತು.

ಡಲ್ಲಾಸ್ ಕನ್ನಡಿಗ

ಇಲ್ಲಿ ಟೆಕ್ಸಾಸ್‌ನಲ್ಲಿ ಇಡೀ ಮನೆಗೆ ಒಂದೇ ಸಿಸ್ಟಮ್. ಬೇಸಿಗೆಗೆ ತಂಪು, ಚಳಿಗೆ ಬಿಸಿ, ಎಲ್ಲ ಡಕ್ಟ್‌ನಲ್ಲೇ ಬರುತ್ತದೆ. ಒಳ್ಳೆ ಕಂಟ್ರಾಕ್ಟರ್ ಮೊದಲು ಕೋಣೆ, ಕಿಟಕಿ, ಇನ್ಸುಲೇಷನ್ ಎಲ್ಲ ಅಳೆದು ಮ್ಯಾನ್ಯುಯಲ್ ಜೆ ಅನ್ನುವ ಲೆಕ್ಕ ಹಾಕಿ ಆಮೇಲೆ ಟನ್ ಹೇಳುತ್ತಾನೆ. ಕೆಟ್ಟವನು ಹಳೆ ಮಷೀನಿನ ಸ್ಟಿಕ್ಕರ್ ನೋಡಿ ಇನ್ನೊಂದು ಅರ್ಧ ಟನ್ ಸೇರಿಸಿಬಿಡುತ್ತಾನೆ. ದೊಡ್ಡದಾದರೆ ಬೇಗ ತಂಪಾಗಿ ನಿಂತುಬಿಡುತ್ತದೆ, ಗಾಳಿಯ ತೇವ ಹೋಗುವುದಿಲ್ಲ, ಮೈ ಅಂಟಂಟು. ಹಾಗಾಗಿ ಕಣ್ಣು ಮುಚ್ಚಿ 1.5 ಅನ್ನುವ ಮುಂಚೆ ಸ್ವಲ್ಪ ಯೋಚನೆ ಮಾಡಿ.

ರಾಯಚೂರು ಮೆಕ್ಯಾನಿಕ್

ಸರ್, ಮಂಗಳೂರಿಗಾದರೆ ನಿಮ್ಮ ಮಾತು ಒಪ್ಪುತ್ತೇನೆ. ಕಲಬುರಗಿ ಏಪ್ರಿಲ್-ಮೇ ಒಣ ಬಿಸಿಲು, ಅದಕ್ಕೇ ಅಲ್ಲಿ ಕೂಲರ್ ಅಷ್ಟು ಚೆನ್ನಾಗಿ ಕೆಲಸ ಮಾಡುವುದು. ಮತ್ತೆ ಇನ್ವರ್ಟರ್ ಆದರೆ ಕೋಣೆ ತಂಪಾದ ಮೇಲೆ ತಾನೇ ವೇಗ ಇಳಿಸಿಕೊಂಡು ಓಡುತ್ತದೆ, ಹಳೆಯದರ ಥರ ಆನ್ ಆಫ್ ಆಗುವುದಿಲ್ಲ.

ಬಿಸಿಲೂರ ಹುಡುಗ

ಎಲ್ಲರಿಗೂ ಥ್ಯಾಂಕ್ಸ್, ಅಪ್ಪನಿಗೆ ವ್ಯಾಕ್ಯೂಮ್ ವಿಷಯ ಫೋನ್‌ನಲ್ಲೇ ವಿವರಿಸಿದೆ, ಅವರು ಈಗಲೇ ಮೆಕ್ಯಾನಿಕ್‌ಗಾಗಿ ಕಾಯುತ್ತಿದ್ದಾರೆ, ಪರೀಕ್ಷೆ ತಗೊಳ್ಳಲು. ಇನ್ನೊಂದು ಡೌಟು. ಹೊರಗಿನ ಯೂನಿಟ್ ಎಲ್ಲಿ ಇಡಿಸಲಿ? ಗಾಜು ಹಾಕಿ ಮುಚ್ಚಿದ ಬಾಲ್ಕನಿ ಕೋಣೆಗೆ ಅಂಟಿಕೊಂಡೇ ಇದೆ, ಪೈಪು ಉಳಿಯುತ್ತದೆ. ಇಲ್ಲವಾದರೆ ಮಾಳಿಗೆ ಮೇಲೆ. ವೈರಿಂಗ್ ಹಳೆಯದು.

ರಾಯಚೂರು ಮೆಕ್ಯಾನಿಕ್

ಮುಚ್ಚಿದ ಬಾಲ್ಕನಿ ಬೇಡವೇ ಬೇಡ. ತಾನು ಉಗುಳಿದ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಂಡು ಮಧ್ಯಾಹ್ನ ಟ್ರಿಪ್ ಆಗುತ್ತದೆ. ಮಾಳಿಗೆಯಲ್ಲಿ ಸ್ಟ್ಯಾಂಡ್ ಹಾಕಿ ಇಡಿಸಿ, ಹಿಂದೆ ಒಂದಡಿ ಜಾಗ, ಮುಂದೆ ಪೂರ್ತಿ ಖಾಲಿ, ಮೇಲೆ ಎತ್ತರಕ್ಕೆ ಒಂದು ತಗಡು ನೆರಳಿಗೆ. ಪೈಪು ಜಾಸ್ತಿ ಆಗುತ್ತದೆ, ಅಡಿಗೆ ಇಷ್ಟು ಅಂತ ರೇಟು ಮೊದಲೇ ಬರೆಸಿಕೊಳ್ಳಿ. ಗ್ಯಾಸ್ ಪೈಪು ಮೇಲಕ್ಕೆ ಹೋದರೂ ನೀರಿನ ಪೈಪು ಕೆಳಗೇ ಹೋಗಬೇಕು, ಎರಡನ್ನೂ ಒಟ್ಟಿಗೆ ಟೇಪ್ ಸುತ್ತಿ ಮೇಲೆ ಒಯ್ಯಲು ಬಿಡಬೇಡಿ.

ಹಳೆ ವೈರಿಂಗ್‌ಗೆ ಎಸಿ ಜೋಡಿಸಬೇಡಿ. ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ, 4 ಸ್ಕ್ವೇರ್ ಎಂಎಂ ತಾಮ್ರದ ವೈರು, 20 ಆಂಪ್ ಎಂಸಿಬಿ (ಲೋಡ್ ಜಾಸ್ತಿ ಆದರೆ ತಾನೇ ಆಫ್ ಆಗುವ ಸ್ವಿಚ್ಚು), ಅರ್ಥಿಂಗ್ ಚೆಕ್ ಮಾಡಿಸಿ. ಕರೆಂಟ್ ಬಿಲ್‌ನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ಇರುತ್ತದೆ, ಅದನ್ನೂ ನೋಡಿ. 1 ಇದ್ದರೆ ಕರೆಂಟ್ ಕಂಪನಿ ಜೆಸ್ಕಾಂನಲ್ಲಿ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಿ, ಎಸಿ ಬರುವ ಮುಂಚೆಯೇ.